ಮೇಸ್ತ್ರಿ ಓಡಿಹೋದರೆ ಕೂಲಿ ಯಾರು ಕೊಡಬೇಕು? ದುಡಿಯಲು ಊರು ಬಿಟ್ಟವರ ಕಾನೂನು ಪ್ರಶ್ನೆಗಳು

ಈ ಸಲ ಬಂದ ಪತ್ರಗಳೆಲ್ಲ ದುಡಿಯಲು ಊರು ಬಿಟ್ಟವರದ್ದು, ಇಲ್ಲವೇ ಅಂಥವರನ್ನು ಕೆಲಸಕ್ಕಿಟ್ಟವರದ್ದು. ಉತ್ತರಕ್ಕೆ ಮೊದಲು ಒಂದು ಮಾತು. ಅನೇಕರು ಹೆಸರಿಸಿರುವ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಈಗಿಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು (ವೇತನ, ಸಾಮಾಜಿಕ ಭದ್ರತೆ, ಕೈಗಾರಿಕಾ ಸಂಬಂಧ, ಕೆಲಸದ ಸ್ಥಳದ ಸುರಕ್ಷತೆ ಕುರಿತ ಹೊಸ ಕಾನೂನುಗಳು) ಜಾರಿಯಲ್ಲಿವೆ. ಕಚೇರಿಯಲ್ಲಿ ಯಾರಾದರೂ ‘ಆ ಕಾಯ್ದೆ ರದ್ದಾಗಿದೆ, ಹೋಗಿ’ ಅಂದರೆ ಅರ್ಜಿಯನ್ನು ವಾಪಸ್ ತರಬೇಡಿ. ಸಂಹಿತೆಯ ಹೆಸರು ಬರೆದು ಅಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ನಾವು ಎಂಟು ಮಂದಿ ರಾಯಚೂರು ಕಡೆಯವರು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಸೈಟಿನಲ್ಲಿ ಗಾರೆ ಕೆಲಸ. ಎರಡು ತಿಂಗಳು ದುಡಿಸಿಕೊಂಡ ಮೇಸ್ತ್ರಿ ಫೋನ್ ಆಫ್ ಮಾಡಿ ಹೋಗಿಬಿಟ್ಟಿದ್ದಾನೆ. ಬಿಲ್ಡರ್ ಕಡೆಯ ಎಂಜಿನಿಯರು ‘ನಾವು ಅವನಿಗೆ ಪೂರ್ತಿ ಕೊಟ್ಟಾಗಿದೆ, ಅವನನ್ನೇ ಹಿಡೀರಿ’ ಅಂತಾರೆ. ಬರವಣಿಗೆಯಲ್ಲಿ ಏನೂ ಇಲ್ಲ. ಪಕ್ಕದ ಶೆಡ್ಡಿನ ಬಿಹಾರದವರದ್ದೂ ಇದೇ ಗತಿ. ಅವರಿಗೆ ಬೇರೆ ಕಾನೂನು ಇದೆಯಾ?

ಉತ್ತರ: ಮೇಸ್ತ್ರಿಗೆ ಕೊಟ್ಟಾಗಿದೆ ಎಂಬುದು ಬಿಲ್ಡರಿಗೂ ಮೇಸ್ತ್ರಿಗೂ ಇರುವ ಲೆಕ್ಕ. ಅದರಲ್ಲಿ ನಿಮ್ಮ ಕೂಲಿ ಮುಳುಗುವುದಿಲ್ಲ. ವೇತನ ಸಂಹಿತೆಯ 43ನೇ ಕಲಮಿನ ಪ್ರಕಾರ, ಕೆಲಸಕ್ಕಿಟ್ಟುಕೊಂಡವನು ಕೂಲಿ ಕೊಡದಿದ್ದರೆ ಆ ಸಂಸ್ಥೆಯ ಮಾಲೀಕರೇ ಕೊಡಬೇಕು. ಆಮೇಲೆ ಅವರು ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳಲಿ.

ಕೂಲಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಕಾನೂನಿನಲ್ಲಿ ಮಾಲೀಕನದ್ದು, ನಿಮ್ಮದಲ್ಲ. ನೀವು ತೋರಿಸಬೇಕಾದ್ದು ಒಂದೇ: ಆ ಸೈಟಿನಲ್ಲಿ, ಅಷ್ಟು ದಿನ ದುಡಿದಿರಿ ಎಂಬುದು. ಇಂಥ ಪ್ರಕರಣಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ‘ಬರವಣಿಗೆ ಇಲ್ಲ’ ಎನ್ನುತ್ತೀರಿ, ಆದರೆ ನಿಮ್ಮ ಫೋನಿನಲ್ಲೇ ಅರ್ಧ ಪುರಾವೆ ಇರುತ್ತದೆ. ಶನಿವಾರ ಖರ್ಚಿಗೆಂದು ಮೇಸ್ತ್ರಿ ಫೋನ್‌ಪೇ ಮಾಡಿದ ಹಣ, ‘ನಾಳೆ ಸ್ಲ್ಯಾಬ್ ಇದೆ, ಆರಕ್ಕೇ ಬನ್ನಿ’ ಎಂಬ ವಾಟ್ಸ್ಆ್ಯಪ್ ಧ್ವನಿ ಸಂದೇಶ, ಸೈಟಿನಲ್ಲಿ ತೆಗೆದ ಫೋಟೊ, ಗೇಟಿನಲ್ಲಿ ಕೊಟ್ಟ ಪಾಸು, ಹೆಲ್ಮೆಟ್ ಮೇಲಿನ ನಂಬರು, ಹಾಜರಿ ಪುಸ್ತಕದ ಒಂದು ಹಾಳೆ. ಯಾವುದನ್ನೂ ಅಳಿಸಬೇಡಿ. ಸೈಟ್ ಮುಂದಿನ ಬೋರ್ಡಿನ ಫೋಟೊವನ್ನು ಇವತ್ತೇ ತೆಗೆಯಿರಿ. ಕಂಪನಿಯ ಪೂರ್ಣ ಹೆಸರು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರು ಅದರಲ್ಲಿ ಇರುತ್ತದೆ. ‘ರೆಡ್ಡಿ ಬಿಲ್ಡರ್’ ಅಂತ ಬಾಯಿಮಾತಿನ ಹೆಸರು ಬರೆದ ಅರ್ಜಿಗೆ ನೋಟಿಸ್ ಹೋಗುವುದೇ ಇಲ್ಲ. ಗೇಟಿನ ರಿಜಿಸ್ಟರಿನಲ್ಲಿ ನಿಮ್ಮ ಸಹಿ ಇದ್ದರೆ ಅರ್ಜಿಯಲ್ಲೇ ‘ಆ ರಿಜಿಸ್ಟರು ತರಿಸಬೇಕು’ ಎಂದು ಬರೆಯಿರಿ.

ಮುಂದಿನದು ಲೆಕ್ಕ. ‘ಎರಡು ತಿಂಗಳ ಕೂಲಿ ಬಾಕಿ’ ಎಂದರೆ ಸಾಲದು. ಒಬ್ಬೊಬ್ಬರಿಗೂ ಹೀಗೆ ಬರೆಯಬೇಕು. ದಿನಕ್ಕೆ 850 ರೂಪಾಯಿಯಂತೆ 47 ದಿನಕ್ಕೆ 39,950. ಎಂಟು ವಾರ 1,000ದಂತೆ ಪಡೆದ ಖರ್ಚಿನ ಹಣ 8,000 ಕಳೆದರೆ 31,950. ಸ್ಲ್ಯಾಬ್ ಹಾಕಿದ ಹತ್ತು ದಿನ ನಾಲ್ಕು ತಾಸು ಹೆಚ್ಚು ದುಡಿದಿದ್ದರೆ ಅದು ಓವರ್‌ಟೈಮ್, ದುಪ್ಪಟ್ಟು ದರ: ತಾಸಿಗೆ 106.25ರ ಬದಲು 212.50, ನಲವತ್ತು ತಾಸಿಗೆ 8,500. ಒಟ್ಟು 40,450. ಪಡೆದ ಹಣವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟ ಒಂದು ಸಾವಿರ ವಿಚಾರಣೆಯಲ್ಲಿ ಹೊರಬಿದ್ದರೆ ಉಳಿದ ನಲವತ್ತು ಸಾವಿರದ ಮೇಲೂ ಅನುಮಾನ ಬರುತ್ತದೆ.

ಈ ಲೆಕ್ಕದ ಹಾಳೆಯೊಂದಿಗೆ ಸೈಟ್ ಯಾವ ವ್ಯಾಪ್ತಿಗೆ ಬರುತ್ತದೋ ಅಲ್ಲಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಯಾವ ಕಚೇರಿ ಎಂದು ತಿಳಿಯದಿದ್ದರೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ ಕೇಳಿ. ಅರ್ಧ ಪ್ರಕರಣ ನಿರೀಕ್ಷಕರು ಬಿಲ್ಡರಿಗೆ ಫೋನ್ ಮಾಡಿದಾಗಲೇ ಮುಗಿಯುತ್ತದೆ ಎನ್ನುವುದು ಈ ಕೆಲಸ ಬಲ್ಲವರ ಅನುಭವ. ಅಷ್ಟಕ್ಕೆ ಬಗ್ಗದಿದ್ದರೆ ಅದೇ ಸಂಹಿತೆಯ 45ನೇ ಕಲಮಿನಡಿ, ಕೂಲಿ ಬಾಕಿಯ ಕ್ಲೇಮು ತೀರ್ಮಾನಿಸುವ ಪ್ರಾಧಿಕಾರಕ್ಕೆ ಕ್ಲೇಮು ಹಾಕಬಹುದು. ಎಂಟೂ ಮಂದಿಗೆ ಒಂದೇ ಅರ್ಜಿ ಸಾಕು, ಮೂರು ವರ್ಷದ ಅವಧಿ ಇದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ.

ಎಲ್ಲಿ ಕೆಡುತ್ತದೆ? ಎಂಟರಲ್ಲಿ ಮೂವರು ಅರ್ಧ ಹಣಕ್ಕೆ ಒಪ್ಪಿ ‘ಎಲ್ಲ ಚುಕ್ತಾ’ ಎಂಬ ಖಾಲಿ ವೋಚರಿಗೆ ಹೆಬ್ಬೆಟ್ಟು ಒತ್ತುತ್ತಾರೆ. ಉಳಿದವರು ಹಬ್ಬಕ್ಕೆಂದು ಊರಿಗೆ ಹೋಗಿ ವಿಚಾರಣೆ ದಿನ ಬರುವುದಿಲ್ಲ. ಹೋಗಲೇಬೇಕಿದ್ದರೆ ಒಬ್ಬರಿಗೆ ಅಧಿಕಾರ ಪತ್ರ ಬರೆದುಕೊಟ್ಟು ಹೋಗಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಅದರ ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ.

ಬಿಹಾರದವರ ವಿಷಯ. ಮೇಲೆ ಹೇಳಿದ್ದೆಲ್ಲ ಅವರಿಗೂ ಹಾಗೆಯೇ ಸಲ್ಲುತ್ತದೆ. ಕನಿಷ್ಠ ಕೂಲಿ ಆಧಾರ್ ಕಾರ್ಡಿನ ವಿಳಾಸ ನೋಡುವುದಿಲ್ಲ. ಅದರ ಮೇಲೆ, ಹತ್ತು ಅಥವಾ ಹೆಚ್ಚು ಹೊರರಾಜ್ಯದವರಿರುವ ಸಂಸ್ಥೆಯಲ್ಲಿ ಅವರಿಗೆ ಊರಿಗೆ ಹೋಗಿಬರುವ ಪ್ರಯಾಣ ಭತ್ಯೆ, ವೈದ್ಯಕೀಯ ತಪಾಸಣೆಯಂಥ ಹೆಚ್ಚುವರಿ ಹಕ್ಕುಗಳಿವೆ. ಗುತ್ತಿಗೆದಾರ ಕರೆತರದೆ ತಾವಾಗಿ ರೈಲು ಹತ್ತಿ ಬಂದವರೂ, ಕೂಲಿ ಕಾನೂನಿನ ವೇತನ ಮಿತಿಯೊಳಗಿದ್ದರೆ, ಈಗ ಅಂತರರಾಜ್ಯ ವಲಸೆ ಕಾರ್ಮಿಕರೇ. ಹಳೆಯ ಕಾಯ್ದೆಯಲ್ಲಿ ಹಾಗಿರಲಿಲ್ಲ. ವಿಚಿತ್ರವೆಂದರೆ ರಾಯಚೂರಿನಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರ್ ಬಂದ ನೀವು ಕಾನೂನಿನ ಕಣ್ಣಿಗೆ ವಲಸಿಗರಲ್ಲ, ಗಡಿಯಾಚೆಯ ಹೊಸೂರಿನವನು ವಲಸಿಗ. ನಿಮಗೆ ಇದರ ಬದಲು ಕೈಗೆಟುಕುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು: ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ. ಬಿಹಾರದವರೂ ಇಲ್ಲೇ ಮಾಡಿಸಬಹುದು.

ಪ್ರಶ್ನೆ: ವಿಜಯಪುರ ಜಿಲ್ಲೆಯ ತಾಂಡಾದವರು ನಾವು. ಮದುವೆಯಾಗದ 25 ವರ್ಷದ ಮಗ ಪುಣೆಯಲ್ಲಿ ಸಾರುವೆ ಮೇಲಿಂದ ಬಿದ್ದು ತೀರಿಕೊಂಡ. ದಿನಕ್ಕೆ 700 ಕೂಲಿ ಇತ್ತು. ಗುತ್ತಿಗೆದಾರ ಮನೆಗೆ ಬಂದು ಎರಡು ಲಕ್ಷ ಕೊಡುತ್ತೇನೆ, ಬಾಂಡ್ ಪೇಪರಿಗೆ ಸಹಿ ಹಾಕಿ ಅನ್ನುತ್ತಾನೆ. ಹುಡುಗ ಬೆಲ್ಟ್ ಕಟ್ಟಿಕೊಂಡಿರಲಿಲ್ಲ, ಕೋರ್ಟಿಗೆ ಹೋದರೆ ಅದೂ ಸಿಗುವುದಿಲ್ಲ ಅನ್ನುತ್ತಾನೆ. ಪುಣೆಗೆ ಓಡಾಡುವ ಶಕ್ತಿ ನಮಗಿಲ್ಲ.

ಉತ್ತರ: ಸಹಿ ಹಾಕಬೇಡಿ. ಮೊದಲು ಲೆಕ್ಕ ನೋಡಿ. ಸಾವಿಗೆ ಪರಿಹಾರ ಎಂದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿದ ಮೊತ್ತ. ದಿನಕ್ಕೆ 700ರಂತೆ 26 ದಿನಕ್ಕೆ 18,200 ಆಗುತ್ತದೆ. ಆದರೆ 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000. ಅದರ ಅರ್ಧ 7,500. 25 ವರ್ಷಕ್ಕೆ ಗುಣಕ 216.91. ಗುಣಿಸಿದರೆ 16,26,825 ರೂಪಾಯಿ. ಅಂತ್ಯಕ್ರಿಯೆಯ ಖರ್ಚು ಬೇರೆ. ಗುತ್ತಿಗೆದಾರ ಎರಡು ಲಕ್ಷ ಹಿಡಿದು ಅಷ್ಟು ದೂರದಿಂದ ಬಂದದ್ದು ಯಾಕೆ ಎಂದು ಈಗ ತಿಳಿಯುತ್ತದೆ.

ಬೆಲ್ಟಿನ ಮಾತು ನಿಲ್ಲುವುದಿಲ್ಲ. ಸುರಕ್ಷತಾ ನಿಯಮ ಪಾಲಿಸಲಿಲ್ಲ, ಕುಡಿದಿದ್ದ ಎಂಬ ಸಬೂಬು ಸಣ್ಣಪುಟ್ಟ ಗಾಯಕ್ಕೆ ನಡೆದೀತು. ಸಾವಿಗೂ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೂ ಕಾನೂನು ಅದನ್ನು ಒಪ್ಪುವುದಿಲ್ಲ. ಇನ್ನು ಬಾಂಡ್ ಪೇಪರು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಖಾಸಗಿ ಒಪ್ಪಂದ ಊರ್ಜಿತವಲ್ಲ. ಸಾವಿನ ಪ್ರಕರಣದಲ್ಲಿ ಹಣವನ್ನು ಪರಿಹಾರ ನಿರ್ಧರಿಸುವ ಅಧಿಕಾರಿಯ ಬಳಿ ಠೇವಣಿ ಇಡಬೇಕೇ ಹೊರತು ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರವೆಂದು ಲೆಕ್ಕಕ್ಕೆ ಬರುವುದಿಲ್ಲ. ಮೂರು ತಿಂಗಳ ಕೂಲಿಯಷ್ಟು ಮುಂಗಡ ಕೊಡಲು ಅವಕಾಶವಿದೆ, ಅದನ್ನು ಮಾತ್ರ ಆಮೇಲೆ ಕಳೆಯುತ್ತಾರೆ. ಇಷ್ಟಾದರೂ ಸಹಿ ಬೇಡ ಎನ್ನಲು ಕಾರಣವಿದೆ. ಅಂಥ ಪತ್ರಗಳಲ್ಲಿ ‘ಹುಡುಗ ನಮ್ಮಲ್ಲಿ ಕೆಲಸಕ್ಕಿರಲಿಲ್ಲ, ಮಾನವೀಯತೆಯಿಂದ ಕೊಟ್ಟಿದ್ದೇವೆ’ ಎಂಬ ಸಾಲೊಂದು ನುಸುಳಿರುತ್ತದೆ. ನಾಳೆ ಅದೇ ಅವರ ಸಾಕ್ಷಿಯಾಗುತ್ತದೆ.

ಪುಣೆಗೆ ಓಡಾಡಬೇಕಿಲ್ಲ. ಅವಲಂಬಿತರು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಇಲ್ಲಿನ ಅಧಿಕಾರಿ ಅಲ್ಲಿನವರಿಗೆ ತಿಳಿಸುತ್ತಾರೆ. ಕರ್ನಾಟಕದಲ್ಲಿ ಹೆಚ್ಚಿನ ಕಡೆ ಈ ಅರ್ಜಿಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ ನೋಡುತ್ತದೆ. ಎರಡು ವರ್ಷದೊಳಗೆ ಹಾಕಬೇಕು.

ಒಂದು ಸಲ ಮಾತ್ರ ಪುಣೆಯಿಂದ ಕಾಗದ ತರಿಸಬೇಕು: ಪೊಲೀಸ್ ದೂರಿನ ಪ್ರತಿ, ಸ್ಥಳದ ಮತ್ತು ಶವದ ಪಂಚನಾಮೆ, ಮರಣೋತ್ತರ ವರದಿ, ಮರಣ ಪತ್ರ. ಪಂಚನಾಮೆಯಲ್ಲಿ ಸೈಟಿನ ಹೆಸರು, ಗುತ್ತಿಗೆದಾರನ ಹೆಸರು, ‘ಕೆಲಸ ಮಾಡುವಾಗ ಬಿದ್ದು’ ಎಂಬ ಮಾತು ಇದೆಯೇ ಎಂದು ಮರಾಠಿ ಬಲ್ಲವರಿಂದ ಓದಿಸಿ. ‘ಎತ್ತರದಿಂದ ಬಿದ್ದು’ ಎಂದಷ್ಟೇ ಇದ್ದರೆ ಜೊತೆಗಿದ್ದ ಕೆಲಸಗಾರರಿಬ್ಬರ ಹೇಳಿಕೆ ಬೇಕಾಗುತ್ತದೆ. ಅವರ ಫೋನ್ ನಂಬರು, ಊರು ಈಗಲೇ ಬರೆದಿಟ್ಟುಕೊಳ್ಳಿ. ವಯಸ್ಸಿಗೆ ಶಾಲೆಯ ದಾಖಲೆ ಕೊಡಿ, ಆಧಾರಿನಲ್ಲಿ ಅಂದಾಜಿಗೆ ಹಾಕಿದ ಜನವರಿ ಒಂದನ್ನು ನೆಚ್ಚಬೇಡಿ.

ಒಂದು ಸೂಕ್ಷ್ಮ. ಮದುವೆಯಾಗದ ಮಗನಿಗೆ ವಿಧವೆ ತಾಯಿಯಿದ್ದರೆ ಆಕೆ ಯಾವ ಪ್ರಶ್ನೆಯೂ ಇಲ್ಲದೆ ಅವಲಂಬಿತೆ. ತಂದೆ ತಾಯಿ ಇಬ್ಬರೂ ಇದ್ದರೆ ಅವನ ದುಡಿಮೆಯನ್ನು ಸ್ವಲ್ಪವಾದರೂ ನೆಚ್ಚಿಕೊಂಡಿದ್ದೆವು ಎಂದು ತೋರಿಸಬೇಕು. ಊರಿಗೆ ಅವನು ಕಳಿಸುತ್ತಿದ್ದ ಹಣದ ಬ್ಯಾಂಕ್ ಪಾಸ್‌ಬುಕ್ ಅಥವಾ ಫೋನ್‌ಪೇ ದಾಖಲೆ ಇದಕ್ಕೆ ಸಾಕು. ಹಾಗೆಯೇ ಕೂಲಿಯಲ್ಲಿ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಿತ್ತೇ ವಿಚಾರಿಸಿ. ಇದ್ದರೆ ಈ ಇಡಿಗಂಟಿನ ಬದಲು ಇಎಸ್ಐಯಿಂದ ಅವಲಂಬಿತರಿಗೆ ಪಿಂಚಣಿ ಬರುತ್ತದೆ, ಎರಡೂ ಸಿಗುವುದಿಲ್ಲ. ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಾಡಿಸಿದ್ದನೇ ಎಂಬುದನ್ನೂ ನೋಡಿ. ಅಲ್ಲಿನ ನೆರವು ಇದಕ್ಕೆ ಅಡ್ಡಿಯಲ್ಲ.

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲಿಗೆ ಅಸ್ಸಾಂನ ಹನ್ನೆರಡು ಮಂದಿ ಬರುತ್ತಾರೆ. ಊರಿನವರಿಗೆ ಹಣ್ಣು ಕೊಯ್ದದ್ದಕ್ಕೆ ಕೆ.ಜಿ.ಗೆ ಆರು ರೂಪಾಯಿ, ಇವರಿಗೆ ಲೈನ್ ಮನೆ ಕೊಡುವುದರಿಂದ ಐದು. ಮಧ್ಯೆ ಬಿಟ್ಟುಹೋಗದಂತೆ ಆಧಾರ್ ಕಾರ್ಡು ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ತಪ್ಪೇ?

ಉತ್ತರ: ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯದ್ದು.

ಒಂದೇ ತೋಟ, ಒಂದೇ ಗಿಡ, ಒಂದೇ ತಕ್ಕಡಿ. ದರ ಎರಡಾಗಲು ಕಾರಣ ಹುಟ್ಟೂರೊಂದೇ ಎಂದಾದರೆ ನೀವು ಅದನ್ನು ಸಮರ್ಥಿಸಿಕೊಳ್ಳಲಾರಿರಿ. ಸ್ಥಳೀಯರ ಕೂಲಿಗಿಂತ ಕಡಿಮೆ ಕೊಡಬಾರದು ಎಂದು 1979ರ ಕಾಯ್ದೆ ನೇರವಾಗಿಯೇ ಹೇಳಿತ್ತು. ಕೆಲಸದ ಸ್ಥಳದ ಸುರಕ್ಷತೆಯ ಹೊಸ ಸಂಹಿತೆ ಆ ಸಂಸ್ಥೆಯ ಇತರ ಕೆಲಸಗಾರರಿಗೆ ಸಿಗುವ ಎಲ್ಲ ಸವಲತ್ತೂ ಇವರಿಗೆ ಸಿಗಬೇಕು ಎನ್ನುತ್ತದೆ. ಹನ್ನೆರಡು ಮಂದಿ ಇರುವುದರಿಂದ ನೀವು ಅದರ ವ್ಯಾಪ್ತಿಯೊಳಗಿದ್ದೀರಿ. ಕೆ.ಜಿ. ಲೆಕ್ಕದ ಕೂಲಿಗೂ ಕನಿಷ್ಠ ಕೂಲಿಯ ತಳ ಇದೆ. ಕೊಯ್ಲಿನ ಕೊನೆಗೆ ಗಿಡದಲ್ಲಿ ಹಣ್ಣು ವಿರಳವಾದಾಗ ದಿನವಿಡೀ ದುಡಿದರೂ ಕೆ.ಜಿ. ಏರುವುದಿಲ್ಲ. ಆಗ ದಿನಗೂಲಿಯ ಲೆಕ್ಕಕ್ಕೆ ಬದಲಿಸಿ. ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ ಎಂಬುದು ನೆನಪಿರಲಿ. ಮೇಸ್ತ್ರಿಯ ಕಮಿಷನ್ ನಿಮ್ಮ ಜೇಬಿನಿಂದ ಹೋಗಬೇಕು, ಅವರ ಕೂಲಿಯಿಂದಲ್ಲ. ಕೂಲಿಯನ್ನು ಮೇಸ್ತ್ರಿಯ ಖಾತೆಗೆ ಒಟ್ಟಾಗಿ ಹಾಕುವ ಬದಲು ಒಬ್ಬೊಬ್ಬರ ಖಾತೆಗೇ ಹಾಕಿ. ಮೊದಲ ಪ್ರಶ್ನೆಯ ಬಿಲ್ಡರಿನ ಪಾಡು ನಿಮಗೆ ಬರುವುದಿಲ್ಲ.

ಆಧಾರ್ ಮೂಲ ಕಾರ್ಡನ್ನು ಇವತ್ತೇ ಹಿಂದಿರುಗಿಸಿ. ಗುರುತು ಬೇಕಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಿ, ಪ್ರತಿ ಇಟ್ಟುಕೊಳ್ಳಿ, ಪೊಲೀಸ್ ಠಾಣೆಗೆ ಪಟ್ಟಿ ಕೊಡಿ. ಬಿಟ್ಟುಹೋಗದಂತೆ ದಾಖಲೆ ಹಿಡಿದಿಟ್ಟು, ಮೇಲಿಂದ ಮುಂಗಡವನ್ನೂ ಕೊಟ್ಟಿದ್ದರೆ, ಅದು ಜೀತ ಪದ್ಧತಿ ನಿಷೇಧ ಕಾಯ್ದೆಯ ಬಾಗಿಲು ತಟ್ಟುತ್ತದೆ. ‘ಇವರು ನಿಜಕ್ಕೂ ಅಸ್ಸಾಂನವರೋ ಬಾಂಗ್ಲಾದವರೋ’ ಎಂದು ತೀರ್ಮಾನಿಸುವ ಕೆಲಸ ತೋಟದ ಮಾಲೀಕರದ್ದಲ್ಲ, ಊರ ಯುವಕ ಸಂಘದ್ದಂತೂ ಅಲ್ಲವೇ ಅಲ್ಲ.

ಪ್ರಶ್ನೆ: ಕೊಪ್ಪಳ ಜಿಲ್ಲೆಯವರು, ಗೋವಾದ ವಾಸ್ಕೋದಲ್ಲಿ ಕೂಲಿ. ರೇಷನ್ ಕಾರ್ಡು ಊರಿನದು. ಅಂಗಡಿಯವನು ‘ನಿಮ್ಮದು ಇಲ್ಲಿ ನಡೆಯಲ್ಲ’ ಅಂತಾನೆ.

ಉತ್ತರ: ನಡೆಯುತ್ತದೆ. ಕಾರ್ಡನ್ನು ಗೋವಾಕ್ಕೆ ವರ್ಗಾಯಿಸುವುದೂ ಬೇಡ, ಹೊಸದು ಮಾಡಿಸುವುದೂ ಬೇಡ. ಕಾರ್ಡ್ ನಂಬರು ಅಥವಾ ಆಧಾರ್ ನಂಬರು ಹೇಳಿ ಬೆರಳಚ್ಚು ಕೊಟ್ಟರೆ ಸಾಕು. ಸಿಗುವುದು ಕೇಂದ್ರದ ಪಾಲು ಮಾತ್ರ: ಆದ್ಯತಾ ಕಾರ್ಡಿಗೆ ತಲೆಗೆ 5 ಕೆ.ಜಿ., ಅಂತ್ಯೋದಯಕ್ಕೆ ಮನೆಗೆ 35 ಕೆ.ಜಿ. ಅನ್ನಭಾಗ್ಯದ ಹೆಚ್ಚುವರಿ ಅಲ್ಲಿ ಸಿಗುವುದಿಲ್ಲ. ಅಂಗಡಿಯವನೊಂದಿಗೆ ಜಗಳಕ್ಕೆ ಮೊದಲ ಕಾರಣ ಇದೇ. ಊರಲ್ಲಿ ಅಜ್ಜ-ಅಜ್ಜಿ ಇದ್ದರೆ ಅವರ ಪಾಲು ಊರಲ್ಲೇ, ನಿಮ್ಮ ಪಾಲು ಗೋವಾದಲ್ಲಿ ಎಂದು ಒಡೆದು ತೆಗೆದುಕೊಳ್ಳಬಹುದು. ಯಂತ್ರ ಒಪ್ಪದಿದ್ದರೆ ಹೆಚ್ಚಾಗಿ ಇ-ಕೆವೈಸಿ ಆಗಿರುವುದಿಲ್ಲ. ಅದನ್ನೂ ಗೋವಾದ ಅಂಗಡಿಯಲ್ಲೇ ಮಾಡಿಸಬಹುದು. ಸುಮ್ಮನೆ ಸಾಗಹಾಕಿದರೆ ರೇಷನ್ ಸಹಾಯವಾಣಿ 14445ಕ್ಕೆ ಕರೆ ಮಾಡಿ.

ಪ್ರಶ್ನೆ: ಅಕ್ಕನ ಮಗ ಎಸ್ಸೆಸ್ಸೆಲ್ಸಿ ಫೇಲ್, ಕಲಬುರಗಿಯವನು. ದುಬೈನಲ್ಲಿ ಕೆಲಸ ಕೊಡಿಸುತ್ತೇನೆಂದು ಏಜೆಂಟ್ 1,20,000 ಕೇಳುತ್ತಾನೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತಾರೆ ಅಂತಾನೆ.

ಉತ್ತರ: ವಿಸಿಟ್ ವೀಸಾ ಅಂದಾಗಲೇ ಏಜೆಂಟನನ್ನು ಬಿಟ್ಟುಬಿಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ (ವಲಸೆ ಅನುಮತಿ ಬೇಕು ಎಂಬ) ಮುದ್ರೆ ಇರುತ್ತದೆ. ಅಂಥವರು ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಕೇಂದ್ರ ಸರ್ಕಾರದ ಇಮೈಗ್ರೇಟ್ ವ್ಯವಸ್ಥೆಯಲ್ಲಿ ವಲಸೆ ಅನುಮತಿ ಪಡೆಯಬೇಕು. ವಿಸಿಟ್ ವೀಸಾ ಎಂಬುದು ಇದನ್ನು ತಪ್ಪಿಸುವ ದಾರಿ. ಅಲ್ಲಿ ಆ ವೀಸಾದಲ್ಲಿ ದುಡಿದರೆ ಅವನೇ ಕಾನೂನು ಮುರಿದವನಾಗುತ್ತಾನೆ, ಕೂಲಿ ಕೇಳಲೂ ಬಾಯಿರುವುದಿಲ್ಲ.

ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಇಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಹುಡುಕಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ಮತ್ತು ಶೇ. 18 ಜಿಎಸ್‌ಟಿ, ಅಂದರೆ 35,400. ರಶೀದಿ ಸಮೇತ. ಅನುಮತಿಯ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ಅಪಘಾತ ವಿಮೆಯೂ ಆಗುತ್ತದೆ. ಎರಡು ವರ್ಷದ ಕಂತು 275, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಕೆಲಸದ ಆಫರ್ ಪತ್ರವನ್ನು ಹಿಂದಿ ಅಥವಾ ಉರ್ದುವಿನಲ್ಲಿ ಕೇಳಿ ಓದಿಸಿಕೊಳ್ಳಿ. ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಎಂಬುದನ್ನು ಬೇರೆಬೇರೆ ನೋಡಿ. ಕೆಲಸ ಬಿಡುವಾಗಿನ ಗ್ರಾಚ್ಯುಟಿ ಮೂಲ ಸಂಬಳದ ಮೇಲೆಯೇ.

ಯುಎಇಯ 2021ರ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ, ಪಾಸ್‌ಪೋರ್ಟ್ ಕಸಿದುಕೊಳ್ಳುವಂತಿಲ್ಲ. ಅಲ್ಲಿನ ಕಾರ್ಮಿಕ ದೂರಿಗೆ 80084. ಹೊರಡುವ ಮುನ್ನ ಸಂದೇಹ ಕೇಳಲು ಇಲ್ಲಿಂದ 1800 11 3090.

ಪ್ರಶ್ನೆ: ಹೂವಿನಹಡಗಲಿ ಕಡೆಯ ನಮ್ಮ ಸಂಬಂಧಿ ಗಂಡ-ಹೆಂಡತಿ 80,000 ಮುಂಗಡ ಪಡೆದು ಮಂಡ್ಯ ಕಡೆ ಕಬ್ಬು ಕಡಿಯಲು ಹೋಗಿದ್ದಾರೆ. ಹೆಂಡತಿಗೆ ಹುಷಾರಿಲ್ಲ. ದುಡ್ಡು ತೀರುವವರೆಗೆ ಬಿಡಲ್ಲ ಅಂತ ಗ್ಯಾಂಗ್ ಮೇಸ್ತ್ರಿ ಫೋನ್ ಕೂಡ ಕಸಿದಿದ್ದಾನೆ.

ಉತ್ತರ: ಮುಂಗಡ ಪಡೆಯುವುದು ಅಪರಾಧವಲ್ಲ. ಅದನ್ನು ನೆಪ ಮಾಡಿ ಮನುಷ್ಯರನ್ನು ಹಿಡಿದಿಡುವುದು 1976ರ ಜೀತ ಪದ್ಧತಿ ನಿಷೇಧ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲಾಗುವ ಅಪರಾಧ. ಜೀತವೆಂದು ತೀರ್ಮಾನವಾದರೆ ಆ ಸಾಲವೇ ಅಳಿಯುತ್ತದೆ. ಮುಂಗಡದ ಚೀಟಿ ಇಲ್ಲದಿದ್ದರೂ ಚಿಂತೆಯಿಲ್ಲ. ಬಲವಂತದ ದುಡಿಮೆ ಕಂಡರೆ ಮುಂಗಡದ ಕಾರಣಕ್ಕೇ ಎಂದು ಊಹಿಸಬೇಕು ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದದ್ದು 1982ರಲ್ಲಿ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ.

ದೂರು ಕೊಡಬೇಕಾದ್ದು ಗದ್ದೆ ಇರುವ ಕಡೆಯ ಉಪವಿಭಾಗಾಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ. ನೀವೇ ಊರಿನಿಂದ ಕೊಡಬಹುದು. ಊರಿನ ಹೆಸರು, ಗದ್ದೆಯ ಗುರುತು, ಮೇಸ್ತ್ರಿಯ ನಂಬರು, ಹೆಂಡತಿಯ ಕಾಯಿಲೆ ಎಲ್ಲ ಬರೆಯಿರಿ. ಅಧಿಕಾರಿಗಳು ಹೋದಾಗ ಕೆಡುವುದು ಇಲ್ಲಿ: ಮೇಸ್ತ್ರಿಯ ಎದುರೇ ‘ನಿಮಗೇನು ತೊಂದರೆ?’ ಎಂದು ಕೇಳುತ್ತಾರೆ, ದಂಪತಿ ‘ಏನಿಲ್ಲ’ ಅನ್ನುತ್ತಾರೆ, ಕಡತದಲ್ಲಿ ‘ಕೂಲಿ ವ್ಯಾಜ್ಯ, ರಾಜಿಯಾಗಿದೆ’ ಎಂದು ಷರಾ ಬೀಳುತ್ತದೆ. ಹೇಳಿಕೆಯನ್ನು ಪ್ರತ್ಯೇಕವಾಗಿ ದಾಖಲಿಸಬೇಕೆಂದು ದೂರಿನಲ್ಲೇ ಕೇಳಿ. ಹೊರಡುವ ಮೊದಲು ಇಬ್ಬರಿಗೂ ಬೇರೆಬೇರೆ ಬಿಡುಗಡೆ ಪತ್ರ ಪಡೆಯಿರಿ. ಬರಿದೇ ಬಸ್ಸು ಹತ್ತಿಸಿ ಕಳಿಸಿದರೆ ಪುನರ್ವಸತಿ ಹಣ ಬರುವುದಿಲ್ಲ. ಪತ್ರವಿದ್ದರೆ ತಕ್ಷಣದ ನೆರವು 30,000ದವರೆಗೆ ಇದೆ. ಪೂರ್ಣ ಪುನರ್ವಸತಿ ಗಂಡಸಿಗೆ 1 ಲಕ್ಷ, ಹೆಂಗಸಿಗೆ 2 ಲಕ್ಷ. ಆದರೆ ಅದು ಪ್ರಕರಣದ ತೀರ್ಮಾನವನ್ನು ಕಾಯುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ಸೈಟಿನಲ್ಲಿ ಒಡಿಶಾದ ಮಕ್ಕಳಿದ್ದಾರೆ. ವರ್ಗಾವಣೆ ಪತ್ರ ಇಲ್ಲವೆಂದು ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳುತ್ತಿಲ್ಲ.

ಉತ್ತರ: ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ, ವರ್ಗಾವಣೆ ಪತ್ರ ತಡವಾಗಿದೆ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5 ಮತ್ತು 14ನೇ ಕಲಂ ಓದಿಸಿ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಗೇ. ಮುಖ್ಯ ಶಿಕ್ಷಕರು ಒಪ್ಪದಿದ್ದರೆ ಬಾಯಿಮಾತಿನ ನಿರಾಕರಣೆ ಬೇಡ, ಬರೆದುಕೊಡಿ ಎನ್ನಿ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಮುಗಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ. ಕಾಮಗಾರಿ ಮುಗಿದು ಕುಟುಂಬ ಹೊರಡುವಾಗ ವರ್ಗಾವಣೆ ಪತ್ರವನ್ನು ತಕ್ಷಣ ಕೊಡಬೇಕಾದ್ದು ಶಾಲೆಯ ಕರ್ತವ್ಯ. ತಡಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೂ ಅದೇ 5ನೇ ಕಲಮಿನಲ್ಲಿ ಅವಕಾಶವಿದೆ.